ಇಂಟರ್ವಲ್ ತನಕ ನೋಡಿದ ಆಕಾಶ

ಮಾನ್ವಿಯಿಂದ ನಾದಿನಿ ಮಲ್ಲಮ್ಮನ ಫೋನ್ ಬಂದಾಗ ನಾನು ನಡುಮನೆಯಲ್ಲಿ ಕೂತು ಪುಂಡಿಪಲ್ಯದ ಎಲೆ ಬಿಡಿಸುತ್ತಿದ್ದೆ. ಎರಡು ವರ್ಷದ ಹಿಂದಿನ ಬೇಸಿಗೆ, ಶನಿವಾರದ ಮಧ್ಯಾಹ್ನ. ನಮ್ಮ ರಾಯಚೂರಿನಲ್ಲಿ ಆ ಹೊತ್ತಿಗೆ ಅಂಗಳದ ಕಲ್ಲಿನ ಮೇಲೆ ಕಾಲಿಡುವಂತಿಲ್ಲ. ಬಾಗಿಲಿಗೆ ಒದ್ದೆ ಚಾದರ ಕಟ್ಟಿ, ಫ್ಯಾನಿನ ಕೆಳಗೆ ಮೊರ ಇಟ್ಟುಕೊಂಡಿದ್ದೆ.

"ವೈನಿ, ನಾಳಿ ಎಲ್ಲಾರೂ ಸಿನಿಮಾಕ್ಕ ಹೊಂಟೀರಂತಲ್ಲ, ನಾನೂ ಬರ್ತೀನಿ. ಶಿವಲೀಲಾಗ ಸೀರಿ ಉಡಸ್ರಿ. ನಿಮ್ಮ ಬೋರಮಾಳ ಹಾಕ್ರಿ ಆಕಿ ಕೊಳ್ಳಾಗ. ಥೇಟರಿಗೆ ನಾಕ ಮಂದಿ ಬಂದಿರ್ತಾರ," ಎಂದಳು.

ನನ್ನ ಕಿವಿಗೆ ಬಿದ್ದಿದ್ದು ಮೊದಲನೇ ಮಾತು. ಬೆಳಿಗ್ಗೆ ನಮ್ಮ ಮನೆಯವರು ನಾಳೆ ಸಿನಿಮಾಕ್ಕೆ ಹೋಗೋಣ ಎಂದಿದ್ದರೂ ನಾನು ನಂಬಿರಲಿಲ್ಲ. ಈಗ ಮಾನ್ವಿಯವರೆಗೂ ಸುದ್ದಿ ಹೋಗಿದೆ ಎಂದರೆ ಅದು ಖರೇನೇ. ಹಿಂದೆಯೇ ಇನ್ನೊಂದು ಯೋಚನೆ ಬಂತು. ಕನ್ನಡ ಸಿನಿಮಾ ಹಾಕಿದರೇ ಗೊರಕೆ ಹೊಡೆಯುವ ಮಲ್ಲಮ್ಮ, ಹೊರದೇಶದ್ದನ್ನು ತೆಲುಗಿಗೆ ತಿರುಗಿಸಿದ ಆಕಾಶದ ಸಿನಿಮಾ ನೋಡಲು ಈ ಬಿಸಿಲಿನಲ್ಲಿ ಬಸ್ಸು ಹತ್ತಿ ಯಾಕೆ ಬರುತ್ತಾಳೆ? ಯೋಚನೆ ಬಂದದ್ದು ನಿಜ. ಕೇಳಲಿಲ್ಲ. "ಬಾರವ್ವ, ಊಟಕ್ಕ ಇಲ್ಲೇ ಬಾ," ಎಂದು ಫೋನ್ ಇಟ್ಟು ಇನ್ನೊಂದು ಕಟ್ಟು ಪುಂಡಿಪಲ್ಯ ಬಿಚ್ಚಿದೆ.

ಹೋದ ವಾರ ಕಿರಾಣಿ ತೆಗೆದುಕೊಂಡು ಆಟೋದಲ್ಲಿ ಬರುವಾಗ ಅದೇ ಥಿಯೇಟರಿನ ಮುಂದೆ ಗಾಡಿಗಳ ಗದ್ದಲದಲ್ಲಿ ನಿಂತೆವು. ಮಿರ್ಚಿ ಕರಿಯುವ ಎಣ್ಣೆಯ ವಾಸನೆ ಬಂತು. ಯಾರೋ ಬಾಗಿಲು ತೆಗೆದಾಗ ಒಳಗಿನ ತಣ್ಣನೆ ಗಾಳಿಯೂ ಬಂತು. ಎರಡೂ ಕೂಡಿ ನನ್ನನ್ನು ಆ ಬೇಸಿಗೆಗೆ ಎಳೆದುಕೊಂಡು ಹೋದವು. ಮನೆಗೆ ಬಂದು ಸಾಮಾನು ಡಬ್ಬಿಗೆ ತುಂಬಿದರೂ ಮನಸ್ಸು ತಿರುಗಿ ಬರಲಿಲ್ಲ. ಬರೆದರೆ ಬಂದೀತೆಂದು ಕೂತಿದ್ದೇನೆ.

ಶಿವಲೀಲಾ ನಮ್ಮ ಒಬ್ಬಳೇ ಮಗಳು. ಆಗ ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ಗುಲಬರ್ಗಾಕ್ಕೆ ಹೋಗಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬೇಕೆಂಬುದು ಅವಳ ಆಸೆ. ಅವರಪ್ಪ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವರು. ಪಾಳಿ ಮುಗಿಸಿ ಬಂದು ಉಂಡು ಮಲಗಿದರೆ ಮುಗಿಯಿತು. ಮಗಳು ಕೇಳಿದಾಗ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. ಉಹೂಂ ಅನ್ನದಿದ್ದುದೇ ಶಿವನ ದಯೆ ಎಂದುಕೊಂಡಿದ್ದೆ.

ಗೆಳತಿಯರ ಜೊತೆ ಮೊದಲ ಸಲ ಆ ಸಿನಿಮಾ ನೋಡಿ ಬಂದ ದಿನ ಅವಳು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ನುಗ್ಗಿದಳು. ಬೈದೆ. ಹೊರಗೆ ಹೋಗಿ ಬಿಟ್ಟು ಬಂದಳು, ಕಾಲು ತೊಳೆದಳು, ನನ್ನ ಎದುರಿಗೆ ಕೂತು ರೊಟ್ಟಿಗೆ ನಾದಿಟ್ಟಿದ್ದ ಹಿಟ್ಟಿನಿಂದ ಒಂದು ಉಂಡೆ ಕಿತ್ತು ನೆಲದ ಮೇಲಿಟ್ಟಳು. ಅದು ಸೂರ್ಯನಂತೆ. ಡಬ್ಬಿಯಿಂದ ಒಂದು ಸಾಸಿವೆ ಕಾಳು ತೆಗೆದು ಹೊಸ್ತಿಲ ಹತ್ತಿರ ಇಟ್ಟಳು. ಅದು ನಾವು, ನಮ್ಮ ರಾಯಚೂರು, ಸಮುದ್ರ, ಹಿಮಾಲಯ, ಎಲ್ಲವೂ. ಕೊನೆಯ ಗ್ರಹ ಎಲ್ಲಿ ಎಂದು ಕೇಳಿದರೆ ಓಣಿಯ ಆಚೆ ಕೈ ತೋರಿಸಿದಳು. ಅದಕ್ಕಿಂತಲೂ ಆಚೆ ಒಂದು ಬೆಳಕು ಮಿಣಮಿಣ ಹತ್ತಿ ಆರುತ್ತಿದೆ. ಯಾರು ಹಚ್ಚುತ್ತಾರೋ ಗೊತ್ತಿಲ್ಲ. ಅದನ್ನು ನೋಡಿ ಬರಲು ಏಳು ಜನ ಒಂದು ಹಡಗಿನಲ್ಲಿ ಹೊರಟಿದ್ದಾರೆ. ಹೋಗಲು ಒಂಬತ್ತು ವರ್ಷ, ಬರಲು ಒಂಬತ್ತು ವರ್ಷ.

ದಿನಾ ರೊಟ್ಟಿ ಬಡಿಯುವ ಹೊತ್ತಿಗೆ ಸ್ವಲ್ಪ ಸ್ವಲ್ಪ ಹೇಳುವಳು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರಲ್ಲ, ಇವತ್ತಿನದು ಇಲ್ಲಿಗೆ ಎಂದು ಶಾಸ್ತ್ರಿಗಳು ಪುಸ್ತಕ ಮುಚ್ಚಿದರೆ ಹೆಂಗಸರು ಚಾಪೆ ಮಡಚಲು ಮನಸ್ಸಿಲ್ಲದೆ ಕೂತಿರುತ್ತಾರಲ್ಲ, ನನ್ನದು ಹಾಗಾಗಿತ್ತು. ನಾನು ಕೇಳುವ ಪ್ರಶ್ನೆಗಳಿಗೆ ಅವಳು ಒಂದು ಸಲವೂ ಬೇಸರ ಮಾಡಲಿಲ್ಲ. ಹಡಗಿನಲ್ಲಿ ನೀರಿಗೆ ಏನು ಮಾಡುತ್ತಾರೆ ಎಂದೆ. ಬೆವರನ್ನೂ ಬಿಡದೆ ಶುದ್ಧ ಮಾಡಿ ಮತ್ತೆ ಕುಡಿಯುತ್ತಾರೆ, ಸ್ನಾನ ಇಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಾರೆ ಎಂದಳು.

"ನಮ್ಮ ಓಣಿಗೆ ನಳ ಬರದ ವಾರ ಇದ್ದಂಗ ಅನ್ನು," ಎಂದೆ.

"ಹಂಗಾರ ನಿನ್ನ ಕಳಸಬೇಕು ಯವ್ವಾ ಅಲ್ಲಿಗೆ. ಟ್ರೇನಿಂಗೇ ಬ್ಯಾಡ ನಿನಗ," ಎಂದು ಅವಳು ನಕ್ಕಳು, ಆ ನಗುವಿನಲ್ಲಿ ತವೆಯ ಮೇಲಿನ ರೊಟ್ಟಿ ಸೀದಿತ್ತು.

ಅರ್ಧ ಕಥೆಗೆ ಬಂದು ನಿಲ್ಲಿಸಿಬಿಟ್ಟಳು. ಮುಂದಿನದನ್ನು ಹೇಳುವುದಿಲ್ಲ, ನೀನೇ ನೋಡಬೇಕು ಎಂದು ಹಟ ಹಿಡಿದಳು. ನಾನು ಮನೆಯವರನ್ನು ಎರಡು ಸಲ ಕೇಳಿದೆ. ಮದುವೆಯಾದ ಮೇಲೆ ಅವರು ನನ್ನನ್ನು ಥಿಯೇಟರಿಗೆ ಕರೆದುಕೊಂಡು ಹೋದದ್ದು ದೇವರ ಸಿನಿಮಾಗಳಿಗೆ ಮಾತ್ರ, ಅದೂ ಬೆರಳಲ್ಲಿ ಎಣಿಸುವಷ್ಟು. ಎರಡು ಸಲವೂ ಪೇಪರ್ ತಿರುವಿ ಹಾಕಿದರು. ಹಾಗಿದ್ದವರು ಆ ಶನಿವಾರ ಚಹಾ ಕುಡಿಯುತ್ತಾ ತಾವಾಗಿಯೇ ಹೋಗೋಣ ಎಂದರು. ದೇವರಮನೆಯ ಜಗುಲಿಯ ಮೇಲಿನ ದೇವರಿಗೆ ಇನ್ನೊಂದು ಊದಿನಕಡ್ಡಿ ಹಚ್ಚಿದೆ. ಇವರ ಮನಸ್ಸು ಕರಗಿಸಿದೆಯಲ್ಲ ತಂದೆ ಎಂದು ಕೈಮುಗಿದೆ.

ಭಾನುವಾರ ನಾನೇ ಮಗಳ ತಲೆ ಬಾಚಿದೆ. ಮಲ್ಲಿಗೆ ಮುಡಿಸಿದೆ. ಸಿನಿಮಾಕ್ಕೆ ಯಾರಾದರೂ ಸೀರೆ ಉಡುತ್ತಾರೇನು ಎಂದು ಗೊಣಗಿದಳು. ಅತ್ತೆ ಆಸೆಪಟ್ಟಿದ್ದಾಳೆ, ಉಡು ಎಂದೆ. ನನ್ನ ಮದುವೆಯ ಬೋರಮಾಳ ತೆಗೆದು ಅವಳ ಕೊರಳಿಗೆ ಹಾಕಿದೆ. ಆ ಬಂಗಾರದ ಗುಂಡುಗಳು ಅವಳ ಕೊರಳಲ್ಲಿ ಎಷ್ಟು ಚೆಂದ ಕಂಡವೆಂದರೆ ದೃಷ್ಟಿ ನಿವಾಳಿಸಿದೆ. ಇದನ್ನೆಲ್ಲ ಮಾಡಿದ್ದು ನನ್ನ ಕೈ. ಬೇರೆ ಯಾರೂ ಅಲ್ಲ.

ಒಳಗೆ ದೀಪ ಆರಿದ ಮೇಲೆ ನಾನು ನೋಡಿದ್ದನ್ನು ಹೇಗೆ ಹೇಳಲಿ. ಮೊದಲು ಬರೀ ಸದ್ದು, ಬೆಂಕಿ, ಎದೆಗೆ ಗುದ್ದುವ ಸಂಗೀತ. ತೆಲುಗು ನನಗೆ ಅರ್ಧಂಬರ್ಧ. ಮಗಳು ಕಿವಿಯ ಹತ್ತಿರ ಬಂದು ಹೇಳುತ್ತಿದ್ದಳು. ಆಮೇಲೆ ಹಡಗಿನ ಬಾಗಿಲು ತೆರೆಯಿತು, ಒಬ್ಬ ಮನುಷ್ಯ ಹೊರಗೆ ಕಾಲಿಟ್ಟ, ಸದ್ದೆಲ್ಲ ನಿಂತಿತು. ಅಲ್ಲಿ ಗಾಳಿ ಇಲ್ಲ, ಅದಕ್ಕೇ ಶಬ್ದ ಇಲ್ಲ ಎಂದು ಮಗಳು ಮೊದಲೇ ಹೇಳಿದ್ದಳು. ಹೇಳಿದ್ದು ಬೇರೆ, ಅದರೊಳಗೆ ಕೂರುವುದು ಬೇರೆ. ಮುಂದಿನ ಸಾಲಿನಲ್ಲಿ ಏನೋ ಕುರುಕುತ್ತಿದ್ದವರ ಕೈಯೂ ನಿಂತಿತು. ಆ ಮನುಷ್ಯ ತಿರುಗಿ ನೋಡಿದರೆ ಭೂಮಿ ಎಳ್ಳುಕಾಳಿನಷ್ಟಿತ್ತು, ಸುತ್ತಲೂ ಕಪ್ಪು.

ನಾನು ಎಂಟನೇ ವಯಸ್ಸಿನಿಂದ ಲಿಂಗಪೂಜೆ ಮಾಡುವವಳು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಆ ಕಪ್ಪಿನಲ್ಲಿ ಕಣ್ಣು ನೆಡಬೇಕು. ದೀಕ್ಷೆ ಕೊಟ್ಟ ಅಯ್ಯನವರು ಇದರೊಳಗೆ ಬಯಲು ಇದೆ, ನೋಡು ಮಗಳೇ ಎಂದಿದ್ದರು. ನಲವತ್ತು ವರ್ಷ ನೋಡಿದೆ. ಕೆಲವು ದಿನ ಮನಸ್ಸು ನಿಲ್ಲುತ್ತಿತ್ತು. ಬಹಳ ದಿನ ಒಲೆಯ ಮೇಲಿನ ಬೇಳೆಯ ಕಡೆ ಓಡುತ್ತಿತ್ತು. ಆ ದಿನ, ಯಾವುದೋ ದೇಶದವರು ತೆಗೆದ ಸಿನಿಮಾದಲ್ಲಿ, ಎಣ್ಣೆ ವಾಸನೆಯ ಥಿಯೇಟರಿನ ಕುರ್ಚಿಯಲ್ಲಿ ಕೂತು, ಅಯ್ಯನವರು ಹೇಳಿದ ಬಯಲು ಇದೇ ಇರಬೇಕು ಅನಿಸಿತು. ಸೆರಗಿನೊಳಗೆ ಕೈ ಹಾಕಿ ಲಿಂಗ ಮುಟ್ಟಿಕೊಂಡೆ. ಕಣ್ಣಲ್ಲಿ ನೀರು ಬಂತು. ಎಡಗಡೆ ಮಲ್ಲಮ್ಮ ನಿದ್ದೆ ಹೋಗಿದ್ದಳು.

ಆ ಹಡಗಿನಲ್ಲಿ ದಾರಿಯ ಲೆಕ್ಕ ನೋಡುವ ಕೆಲಸ ಒಬ್ಬ ಹೆಂಗಸಿನದು. ಎಲ್ಲರೂ ಮಲಗಿದ್ದಾಗ ಅವಳು ಟ್ಯಾಂಕಿನ ಇಂಧನ ನೋಡುತ್ತಾಳೆ, ಮತ್ತೆ ನೋಡುತ್ತಾಳೆ. ಇರುವುದು ಹೋಗುವಷ್ಟೇ. ಬರುವಷ್ಟು ತುಂಬಿಸಿಯೇ ಇಲ್ಲ. ಕಳಿಸಿದವರಿಗೆ ಅದು ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಹುಟ್ಟುಹಬ್ಬಕ್ಕೆ ನಿನ್ನ ದಾರಿ ಕಾಯುತ್ತಿದ್ದೇವೆ ಎಂದು ನಗುತ್ತಾ ಸುದ್ದಿ ಕಳಿಸಿದ್ದರು. ಅವಳು ಗೋಡೆಗೆ ಕೈ ಊರಿ ನಿಂತಳು. ಇಂಟರ್ವಲ್ ಎಂದು ಬಂತು.

ಮಗಳು ನನ್ನ ಕೈ ಹಿಡಿದು ಅಮುಕಿದಳು. "ಈಗ ತಿಳೀತೇನು, ಯಾಕ ಹೇಳಲಿಲ್ಲಂತ?" ಅವಳ ಮುಖ ಬೆಳಗುತ್ತಿತ್ತು.

ಮನೆಯವರು ಏನಾದರೂ ತಿನ್ನೋಣ ಎಂದು ಎಲ್ಲರನ್ನೂ ಹೊರಗೆ ಕರೆದರು. ಮಿರ್ಚಿ ಮಾರುವ ಕಡೆ ಮೂವರು ನಿಂತಿದ್ದರು. ರೇಷ್ಮೆ ಸೀರೆಯ ಹೆಂಗಸು, ಬಿಳಿ ಅಂಗಿಯ ಒಬ್ಬ ಹಿರಿಯರು, ಮೊಬೈಲ್ ಹಿಡಿದುಕೊಂಡ ಇಪ್ಪತ್ತೆಂಟರ ಒಬ್ಬ. ಮಲ್ಲಮ್ಮ ನಿದ್ದೆಯಲ್ಲಿದ್ದವಳೇ ಅಲ್ಲ ಎಂಬಂತೆ ಮುಂದೆ ಹೋಗಿ, ಅಯ್ಯ ನೀವಿಲ್ಲಿ ಎಂದು ಆಶ್ಚರ್ಯಪಟ್ಟಳು. ಅವರು ಮಾನ್ವಿಯ ಅಕ್ಕಿ ಗಿರಣಿಯವರು. ಹೆಂಗಸಿನ ಹೆಸರು ನೀಲಮ್ಮ, ಹಿರಿಯರು ಆಕೆಯ ಅಣ್ಣ, ಆ ಹುಡುಗ ಮಗ.

ನನಗೆ ಆ ಕ್ಷಣವೇ ತಿಳಿಯಿತು. ತಿಳಿಯದೆ ಏನು? ನಮ್ಮ ಕಡೆ ಇದು ಹಳೆಯ ಪದ್ಧತಿ. ಹುಡುಗಿಗೆ ಹೇಳದೆ ಮೊದಲು ಒಂದು ಸಲ ಎಲ್ಲಾದರೂ ನೋಡುತ್ತಾರೆ. ಮನಸ್ಸಿಗೆ ಬಂದರೆ ಆಮೇಲೆ ಮನೆಗೆ ಬರುತ್ತಾರೆ. ಬೇಡವೆಂದರೆ ಹುಡುಗಿಗೆ ನೋವಾಗಬಾರದು ಎಂದು ಹಿರಿಯರು ಮಾಡಿಕೊಂಡದ್ದಂತೆ. ನನ್ನನ್ನು ಒಂದು ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ ನೋಡಿದ್ದರು. ಅಂದು ನನಗೆ ಹೊಸ ಸೀರೆ ಉಡಿಸಿದ್ದು ಯಾಕೆ ಎಂದು ತಿಳಿದದ್ದು ಹದಿನೈದು ದಿನದ ಮೇಲೆ.

ನೀಲಮ್ಮನವರು ಒಳ್ಳೆಯ ಮಾತಿನವರು. ಏನು ಓದಿದ್ದೀ, ಅಡುಗೆ ಏನೇನು ಬರುತ್ತದೆ ಎಂದು ಮಗಳನ್ನು ಮೆಲ್ಲಗೆ ಕೇಳಿದರು. ಶಿವಲೀಲಾ ಎಲ್ಲದಕ್ಕೂ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಳು. ನಡುವೆ ಒಮ್ಮೆ ಕೊರಳ ಮೇಲೆ ಕೈ ಹೋಯಿತು, ಗುಂಡುಗಳನ್ನು ಮುಟ್ಟಿದಳು, ನನ್ನ ಕಡೆ ನೋಡಿದಳು.

ಗಂಟೆ ಹೊಡೆಯಿತು, ಜನ ಒಳಗೆ ನುಗ್ಗಿದರು. ಮನೆಯವರು, ಇನ್ನೇನು ನೋಡುವುದಿದೆ, ಇವರ ಸಂಬಂಧಿಕರ ಮನೆ ಇಲ್ಲೇ ಇದೆ, ಚಹಾ ಕುಡಿದು ಹೋಗೋಣ ಎಂದರು. ಕಾರು ನಿಂತಿತ್ತು. ನಾನು ಕಾರಿನ ಕಡೆ ನಡೆಯುವಾಗ ಬಾಗಿಲ ಹಿಂದೆ ಸಂಗೀತ ಮತ್ತೆ ಶುರುವಾದದ್ದು ಕೇಳಿಸಿತು. ನಾಚಿಕೆ ಬಿಟ್ಟು ಬರೆಯುತ್ತೇನೆ: ಮಗಳ ಮುಖ ಅಷ್ಟು ಬಾಡಿದ್ದರೂ, ಗೋಡೆಗೆ ಕೈ ಊರಿ ನಿಂತ ಆ ಹೆಂಗಸು ಮುಂದೆ ಏನು ಮಾಡಿದಳೋ ಎಂದು ನನ್ನ ಮನಸ್ಸು ಒಂದು ಗಳಿಗೆ ಒಳಗೆ ಹೋಗಿತ್ತು.

ಮನೆಗೆ ಬಂದ ಮೇಲೆ ಅವಳು ಬೋರಮಾಳ ಬಿಚ್ಚಿ ನನ್ನ ಮುಂದಿಟ್ಟಳು.

"ನಿನಗ ಗೊತ್ತಿತ್ತೇನು?"

"ಇಲ್ಲವ್ವ."

"ಸೀರಿ ಉಡಿಸಿದಿ, ಹೂವು ಮುಡಿಸಿದಿ, ಇದನ್ನ ಹಾಕಿದಿ. ಗೊತ್ತಿರಲಿಲ್ಲ ಅಂತೀ. ಲಿಂಗಾ ಮುಟ್ಟಿ ಹೇಳು ಯವ್ವಾ, ನಂಬ್ತೀನಿ."

ಮನೆಯ ಜಗಳಕ್ಕೆ ಲಿಂಗ ಮುಟ್ಟಿ ಆಣೆ ಇಡಬಾರದು ಎಂದು ನಮ್ಮಲ್ಲಿ ಕಟ್ಟುನಿಟ್ಟು. ಅದನ್ನೇ ಅವಳಿಗೆ ಹೇಳಿದೆ. ಅದು ಸುಳ್ಳಲ್ಲ. ಆದರೆ ನನ್ನ ಕೈ ಏಳದಿರುವುದಕ್ಕೆ ಅದೊಂದೇ ಕಾರಣವಾಗಿರಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿ ಎದ್ದು ಹೋದಳು. ಬೆಳಿಗ್ಗೆ ದೇವದುರ್ಗದ ಬಸ್ಸು ಹತ್ತಿ ನನ್ನ ತವರಿಗೆ, ಅಜ್ಜಿಯ ಹತ್ತಿರ ಹೊರಟಳು.

ಮನೆಯವರನ್ನು ಕೇಳಿದೆ, ನನಗೊಂದು ಮಾತು ಹೇಳಬಾರದಿತ್ತೇನ್ರಿ ಎಂದು.

"ನಿನಗ ಹೇಳಿದ್ರ ಆಕಿಗೆ ಹೇಳ್ತಿದ್ದಿ," ಎಂದರು. "ಸಿನಿಮಾ ಸಿನಿಮಾ ಅಂತ ಜೀವ ತಿಂದಿದ್ಯಲ್ಲ, ತೋರಿಸಿದ್ನಿಲ್ಲೋ?"

ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವರು ನನ್ನ ಮೇಲೆ ಕೈ ಎತ್ತಿದವರಲ್ಲ, ಬೈದದ್ದೂ ಕಡಿಮೆ. ಆ ಮಾತು ಮಾತ್ರ ಏಟಿಗಿಂತ ಹೆಚ್ಚು ಬಿತ್ತು. ನನ್ನ ಜೀವನದಲ್ಲಿ ನಾನು ಬಾಯಿಬಿಟ್ಟು ಕೇಳಿದ್ದು ಕಡಿಮೆ. ಕೇಳಿದ ಒಂದನ್ನು ಇವರು ಇಲಿ ಹಿಡಿಯುವವರು ಬೋನಿನಲ್ಲಿ ರೊಟ್ಟಿಯ ಚೂರು ಇಡುವಂತೆ ಇಟ್ಟಿದ್ದರು. ಊದಿನಕಡ್ಡಿ ಹಚ್ಚಿ ಕೈಮುಗಿದದ್ದು ನೆನಪಾಗಿ ದೇವರ ಮುಂದೆಯೂ ತಲೆ ಎತ್ತಲಾಗಲಿಲ್ಲ.

ನಾಲ್ಕನೇ ದಿನ ನಾನೂ ದೇವದುರ್ಗಕ್ಕೆ ಹೋದೆ. ಅವ್ವನ ಮಾಳಿಗೆಯ ಮೇಲೆ ಶಿವಲೀಲಾ ಹಳೆಯ ಧೋತರ ಹಾಸಿ ಸಂಡಿಗೆ ಇಡುತ್ತಿದ್ದಳು. ನನ್ನನ್ನು ನೋಡಿ ಬಂದೆಯಾ ಎಂದಳು, ಕೈ ನಿಲ್ಲಿಸಲಿಲ್ಲ. ನೆರಳಿನಲ್ಲಿ ಕೂತಿದ್ದ ಅವ್ವ ವಿಷಯವೆಲ್ಲ ಕೇಳಿದ್ದವಳು. "ನನ್ನ ಬಾವಿ ಕಟ್ಟಿ ಮ್ಯಾಲ ನೋಡಿದ್ರು, ನಿನ್ನ ಪಂಕ್ತ್ಯಾಗ ನೋಡಿದ್ರು, ಈಕಿನ್ನ ಥೇಟರದಾಗ. ಜಾಗಾ ಒಂದ ಸುಧಾರಿಸೇತಿ ನೋಡು," ಎಂದಳು. ಯಾರೂ ನಗಲಿಲ್ಲ, ಅವ್ವನೂ ನಗಿಸಲು ಹೇಳಿದ್ದಲ್ಲ.

ನಾನು ಮಗಳ ಎದುರಿಗೆ ಕೂತು ಹೇಳಿಬಿಟ್ಟೆ. "ಆಣಿ ಯಾಕ ಇಡಲಿಲ್ಲಂದ್ರ, ಗೊತ್ತಿರಲಿಲ್ಲ ಅನ್ನೋದು ಖರೇ, ಆದ್ರ ಅನುಮಾನ ಬಂದಿತ್ತು. ಮಲ್ಲಮ್ಮ ಫೋನ್ ಮಾಡಿದಾಗನ ಬಂದಿತ್ತು. ಕೇಳಿದ್ರ ಸಿನಿಮಾ ತಪ್ಪತದ ಅಂತ ಕೇಳಲಿಲ್ಲ."

ಅವಳ ಕೈ ಆಗ ನಿಂತಿತು. ಬೆರಳಿಗೆ ಹತ್ತಿದ ಹಿಟ್ಟನ್ನು ಪಾತ್ರೆಯ ಅಂಚಿಗೆ ಒರೆಸಿದಳು.

"ಸಿನಿಮಾಕ್ಕ," ಎಂದಳು. "ನಿನಗ ಬೇಕಾಗಿದ್ರ ಮುಂದಿಂದು ನಾನ ಹೇಳತಿದ್ನಲ್ಲ ಯವ್ವಾ."

ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಮಾಳಿಗೆಯ ಮೂಲೆಗೆ ಹೋಗಿ, ಮಲ್ಲಮ್ಮನಿಂದ ನಂಬರು ತೆಗೆದುಕೊಂಡು, ನೀಲಮ್ಮನವರಿಗೆ ನಾನೇ ಫೋನ್ ಹಚ್ಚಿದೆ. ಗಂಡಸರ ಮಾತಿನ ನಡುವೆ ಹೀಗೆ ಬಾಯಿ ಹಾಕಿದ್ದು ಅದೇ ಮೊದಲು. ಹುಡುಗಿಗೆ ತಿಳಿಸದೆ ನಿಮಗೆ ತೋರಿಸಿದ್ದೇವೆ, ಅವಳಿಗೆ ಓದಬೇಕೆಂದಿದೆ, ಈ ಮಾತು ಇಲ್ಲಿಗೆ ಬಿಡೋಣ, ತಪ್ಪು ನಮ್ಮದು ಎಂದೆ.

"ಹುಡುಗಿ ಒಪ್ಪ್ಯಾಳ, ತಾನಾಗಿನ ಬರ್ತಾಳ ಅಂತ ಹೇಳಿದ್ರಲ್ರೀ ನಿಮ್ಮ ನಾದಿನಿ," ಎಂದರು ನೀಲಮ್ಮ. "ಇಲ್ಲಂದ್ರ ನಾವು ಥೇಟರದಾಗ ಯಾಕ ನಿಂದರ್ತಿದ್ವಿ? ನಮಗೂ ಹೆಣ್ಣುಮಗಳದಾಳ್ರಿ."

ಅವರಿಗೂ ಸುಳ್ಳೇ ಹೇಳಿದ್ದರು. ಆಕೆ ಬೈಯದೆ ಫೋನ್ ಇಟ್ಟದ್ದು ದೊಡ್ಡ ಮನಸ್ಸು. ಮನೆಯವರು ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟರು. ಊಟ ಮಾತ್ರ ಬಿಡಲಿಲ್ಲ, ಅದೂ ಒಂದು ಪುಣ್ಯ. ಗುಲಬರ್ಗಾದ ಅರ್ಜಿಯನ್ನು ಮಗಳು ಮುಂದಿಟ್ಟಾಗ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಏನೂ ಅನ್ನದೆ ಸಹಿ ಹಾಕಿದರು. ಮಲ್ಲಮ್ಮ ಆ ವರ್ಷ ಪಂಚಮಿಗೆ ತವರಿಗೆ ಬರಲಿಲ್ಲ.

ಮಳೆ ಹಿಡಿದ ಮೇಲೆ ಶಿವಲೀಲಾ ಹಾಸ್ಟೆಲಿಗೆ ಹೋದಳು. ಹೋಗುವ ಮೊದಲಿನ ಆ ದಿನಗಳಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಅಡುಗೆಮನೆಗೆ ಬರುತ್ತಿದ್ದಳು, ತಾಟು ಇಡುತ್ತಿದ್ದಳು, ನೀರು ಕೊಡುತ್ತಿದ್ದಳು. ನಾನು ಕಾಯುತ್ತಿದ್ದೆ. ಅವಳು ಕೂರುತ್ತಿರಲಿಲ್ಲ. ಆ ಸಿನಿಮಾ ಈಗ ಮೊಬೈಲಿನಲ್ಲೇ ಸಿಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹಚ್ಚಿ ಕೊಡುತ್ತೇವೆ ಎಂದರು, ಬೇಡವೆಂದೆ.

ಹಾಸ್ಟೆಲಿನಿಂದ ದಿನಾ ಸಂಜೆ ತಪ್ಪದೆ ಫೋನ್ ಮಾಡುತ್ತಿದ್ದಳು. ಇದೂ ಎಲ್ಲ ತಾಯಂದಿರಿಗೆ ಸಿಗುವ ಭಾಗ್ಯವಲ್ಲ ಎಂದು ನನಗೆ ಗೊತ್ತು. ಊಟದ ಸುದ್ದಿ, ನೆಗಡಿಯ ಸುದ್ದಿ, ಅಪ್ಪನ ಬಿ.ಪಿ. ಗುಳಿಗೆಯ ಸುದ್ದಿ. ಒಂದು ದಿನ ದನಿಯಲ್ಲಿ ಏನೋ ಹುರುಪು ಇತ್ತು. ಇವತ್ತು ಕ್ಲಾಸು ಬಹಳ ಚೆನ್ನಾಗಿತ್ತು, ನಕ್ಷತ್ರ ಹೇಗೆ ಸಾಯುತ್ತದೆ ಎಂಬುದನ್ನು ಹೇಳಿದರು ಎಂದಳು. ಸ್ಟೂಲು ಎಳೆದುಕೊಂಡು ಕೂತೆ.

"ಹೆಂಗ ಸಾಯ್ತದವ್ವ? ಹೇಳು," ಎಂದೆ.

"ಅದು ಲೆಕ್ಕದ್ದು ಯವ್ವಾ. ಹೇಳಿದ್ರ ನಿನಗ ತಿಳಿಯಂಗಿಲ್ಲ. ಉಂಡಿಯೇನು?"

"ಉಂಡೆ," ಎಂದೆ. ಉಂಡಿರಲಿಲ್ಲ.

ಫೋನ್ ಇಟ್ಟೆ. ಕಾಯಿಸಿ ಇಳಿಸಿದ್ದ ಹಾಲಿಗೆ ಬೆರಳು ಅದ್ದಿ ನೋಡಿದೆ, ಉಗುರುಬೆಚ್ಚಗಾಗಿತ್ತು. ಒಂದು ಚಮಚ ಹೆಪ್ಪು ಹಾಕಿ, ಕಲಸಿ, ತಟ್ಟೆ ಮುಚ್ಚಿದೆ.